ಕಿಸೆಯೊಳಗೊಂದು ಚಾಕು

ವರ್ಷದಲ್ಲಿ ಒಂದು ದಿನ ಮಾತ್ರ ಗರಗದ ಆ ಅಜ್ಜನ ಕಿಸೆಯಲ್ಲಿ ಚಾಕು ಇರುವುದಿಲ್ಲ. ಅದು ಖಂಡೇನವಮಿ. ಅಂದು ನೇಗಿಲು, ಕುಂಟೆ, ಕುಡಗೋಲು, ಕೊಡಲಿ, ಮೊಮ್ಮಗನ ಸೈಕಲ್ಲು, ಸೊಸೆಯ ಕತ್ತರಿ ಇವುಗಳ ಸಾಲಿನಲ್ಲಿ ಚಾಕುವೂ ವಿಭೂತಿ-ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂಡುತ್ತದೆ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತಬಾರದೆಂಬುದು ಆ ಮನೆಯ ನೇಮ. ಅಜ್ಜನಿಗೆ ಆ ಒಂದು ದಿನ ಕಳೆಯುವುದು ಬಲು ಕಷ್ಟ. ಕೈ ಹತ್ತು ಸಲ ಬನಿಯನ್ನಿನ ಕಿಸೆಗೆ ಹೋಗುತ್ತದೆ, ಹತ್ತು ಸಲವೂ ಬರಿದಾಗಿ ಬರುತ್ತದೆ. ಅಡಕೊತ್ತು ಕೂಡ ಪೂಜೆಗೆ ಕುಳಿತಿರುವುದರಿಂದ, ಹಲ್ಲು ಸಡಿಲಾದ ಆ ಬಾಯಿಗೆ ಅಂದು ಎಲೆ-ಸುಣ್ಣವಷ್ಟೇ ಗತಿ.

ಗರಗ ಧಾರವಾಡ ತಾಲ್ಲೂಕಿನ ಊರು. ಸುತ್ತಲಿನವರಿಗೆ ಅದು ಮಡಿವಾಳೇಶ್ವರರ ಮಠದ ಊರು; ದೂರದವರಿಗೆ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು. ಚಾಕುವಿಗೆ ಹೆಸರಾದ ಊರೇನೂ ಅಲ್ಲ. ಅಜ್ಜನ ಚಾಕು ಕೂಡ ಎಲ್ಲಿಯದೆಂದು ಅದರ ಮೈಮೇಲೆ ಬರೆದಿಲ್ಲ. ಬರೆದಿದ್ದರೂ ಸಾಣೆ ಹಿಡಿದು ಹಿಡಿದು ಎಂದೋ ಅಳಿಸಿಹೋಗಿರಬೇಕು. ಜಾತ್ರೆಯ ಅಂಗಡಿ ಸಾಲಿನಲ್ಲಿ, ಮದುವೆಯಾದ ಹೊಸತರಲ್ಲಿ ಕೊಂಡದ್ದು ಎಂಬುದಷ್ಟೇ ಅಜ್ಜನ ನೆನಪು. ಬಳೆ ಕೊಡಿಸುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ಹೋದವನು ತಾನು ಚಾಕು ಕೊಂಡು ಬಂದನೆಂಬ ಅಜ್ಜಿಯ ತಕರಾರು ಅವಳು ಇರುವವರೆಗೂ ನಡೆದಿತ್ತು.

ಮೂರು ಇಂಚಿನ ಅಲಗು, ಕೋಡಿನ ಹಿಡಿಕೆ, ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ. ಆ ಪಟ್ಟಿಯೇ ಅದರ ಜೀವ. ಅಲಗು ಮಡಚಿದಾಗ ಮಡಚಿದಂತೆ, ಬಿಚ್ಚಿದಾಗ ಬಿಚ್ಚಿದಂತೆ ಒತ್ತಿ ಹಿಡಿಯುವುದು ಅದೇ. ಅಲಗಿನ ಮೇಲೆ ಉಗುರು ಹೋಗುವಷ್ಟು ಒಂದು ಗೀರು ಇದೆ. ಎಡಗೈಯಲ್ಲಿ ಹಿಡಿಕೆ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ಆ ಗೀರಿಗೆ ಸಿಗಿಸಿ ಎಳೆದರೆ ಅದು ಮೊದಲು ಹಟ ಮಾಡಿ, ಅರ್ಧ ದಾರಿಯಲ್ಲಿ ಒಮ್ಮೆ ನಿಂತು, ಆಮೇಲೆ ‘ಟಕ್’ ಎಂದು ಬಿಚ್ಚುತ್ತದೆ. ಎರಡು ಕೈ ಬೇಕು, ಒಂದು ಉಸಿರಿನಷ್ಟು ಹೊತ್ತು ಬೇಕು.

ಅದು ದಿನವೊಂದಕ್ಕೆ ಮಾಡುವ ಕೆಲಸ ಎಣಿಸಿದವರಿಲ್ಲ. ಬೆಳಿಗ್ಗೆ ಗೊಬ್ಬರದ ಚೀಲ. ಚೀಲದ ಬಾಯಿಗೆ ಹಾಕಿದ ಹೊಲಿಗೆಯಲ್ಲಿ ಸರಿಯಾದ ತುದಿಯ ಎಳೆಯನ್ನೇ ಕೊಯ್ದು ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಗಂಟು ಬಿದ್ದು ಚೀಲ ಹರಿಯಬೇಕಾಗುತ್ತದೆ. ಹರಿದ ಚೀಲಕ್ಕೆ ಮನೆಯಲ್ಲಿ ಬೆಲೆ ಇಲ್ಲ, ಹರಿಯದ್ದಕ್ಕೆ ಹತ್ತು ಉಪಯೋಗ. ಆಮೇಲೆ ಹೊಲದಲ್ಲಿ ನೀರಿನ ಪೈಪಿಗೆ ಕಟ್ಟಿದ ರಬ್ಬರಿನ ಪಟ್ಟಿ, ಎತ್ತಿನ ಮೂಗುದಾರದ ಹೊಸ ಹಗ್ಗ, ದಾರಿಯಲ್ಲಿ ಸಿಕ್ಕ ಹುಡುಗರಿಗೆ ಕಬ್ಬಿನ ಗಣಿಕೆ. ಪೇರಲ ಹಣ್ಣಿನ ಕಾಲದಲ್ಲಿ ಒಂದು ಹಣ್ಣನ್ನು ನಾಲ್ಕು ಹೋಳು ಮಾಡಿ, ಅಲಗಿನ ತುದಿಯಲ್ಲಿ ಉಪ್ಪು-ಖಾರ ಸವರಿ ಕೊಡುವುದು. ಕಾಲಿಗೆ ಜಾಲಿಮುಳ್ಳು ನೆಟ್ಟವರು ಊರಲ್ಲಿ ಮೊದಲು ಹುಡುಕುವುದು ಈ ಅಜ್ಜನನ್ನೇ. ಅಂಗಾಲಿನ ಗಡಸು ಚರ್ಮವನ್ನು ರಕ್ತ ಬಾರದ ಹಾಗೆ ಸುತ್ತಲೂ ಹೆರೆದು, ಮುಳ್ಳಿನ ತಲೆ ಕಾಣಿಸಿದ ಮೇಲೆ ಸೂಜಿಗೆ ಕೆಲಸ ಒಪ್ಪಿಸುತ್ತಾನೆ. ಈಗಿನ ಡಾಕ್ಟರರು ಇದಕ್ಕೆ ಒಪ್ಪಲಾರರು. ಅಜ್ಜನೂ ಈಚೆಗೆ ಅಲಗನ್ನು ಕುದಿಯುವ ನೀರಿಗೆ ಹಿಡಿದು, ಮುಳ್ಳು ಬಂದ ಮೇಲೆ ‘ಟಿಟಿ ಇಂಜೆಕ್ಷನ್ ಮಾಡಿಸ್ಕೊ’ ಎಂದು ಹೇಳಿ ಕಳಿಸುವಷ್ಟು ಸುಧಾರಿಸಿದ್ದಾನೆ.

ಹೀಗಾಗಿ ಆ ಚಾಕು ಅಜ್ಜನ ಕಿಸೆಯಲ್ಲಿದ್ದರೂ ಅರ್ಧ ಊರಿನದು. ‘ಅಜ್ಜಾ, ಚಾಕು ಕೊಡ’ ಎಂದು ಕೇಳದ ಮನೆ ಆ ಓಣಿಯಲ್ಲಿಲ್ಲ. ಕೊಡುವುದಕ್ಕೂ ಒಂದು ರೀತಿ ಉಂಟು. ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮಡಚಿ ಕಟ್ಟೆಯ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆಂದು ಹಿರಿಯರ ನಂಬಿಕೆ. ಜಗಳ ಬರುತ್ತದೋ ಇಲ್ಲವೋ, ಕೊಡುವವನ ಅವಸರಕ್ಕೂ ತೆಗೆದುಕೊಳ್ಳುವವನ ಅವಸರಕ್ಕೂ ನಡುವೆ ಒಂದು ಕಟ್ಟೆ ಇದ್ದರೆ ಬೆರಳು ಉಳಿಯುತ್ತವೆ ಎಂಬುದಂತೂ ನಿಜ. ತಿರುಗಿ ಕೊಡುವಾಗ ಒರೆಸಿ ಮಡಚಿ ಇಡದಿದ್ದರೆ ಮುಂದಿನ ಸಲ ಚಾಕು ‘ಮನ್ಯಾಗ ಐತಿ’ ಎಂಬ ಉತ್ತರ ಸಿಗುತ್ತದೆ. ಅದು ಕಿಸೆಯಲ್ಲೇ ಇರುವುದು ಇಬ್ಬರಿಗೂ ಗೊತ್ತು!

ಚಾಕು ಇಟ್ಟುಕೊಂಡು ತಿರುಗುವುದು ಒಂದು ಕಾಲಕ್ಕೆ ಓದು ಬರಹದವರ ಗುರುತೂ ಆಗಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳು ನಗಬಹುದು. ಇಂಗ್ಲಿಷಿನಲ್ಲಿ ಸಣ್ಣ ಮಡಚುವ ಚಾಕುವಿಗೆ ಪೆನ್‌ನೈಫ್ ಎಂಬ ಹೆಸರು ಬಂದದ್ದೇ ಹಕ್ಕಿಯ ಗರಿಯನ್ನು ಕೊರೆದು ಲೇಖನಿ ಮಾಡುತ್ತಿದ್ದುದರಿಂದ. ಮುಂಬೈ ಪ್ರಾಂತಕ್ಕೆ ಸೇರಿದ್ದ ಈ ಕಡೆಯ ಶಾಲೆಗಳಲ್ಲಿ ಗರಿಯ ಬದಲು ಬೋರಿನ ಕಡ್ಡಿ. ಅದರ ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ಸೀಳಿ ಮಸಿಯಲ್ಲಿ ಅದ್ದಿ ಕಿತ್ತಾ ಬರೆಯಬೇಕು. ಅಕ್ಷರದ ದಪ್ಪ-ಸಣ್ಣ ನಿಲ್ಲುವುದೇ ಆ ಕೊಯ್ತದ ಮೇಲೆ. ಆದ್ದರಿಂದ ಮಾಸ್ತರರ ಕೋಟಿನ ಕಿಸೆಯಲ್ಲಿ ಚಾಕು ಇರಲೇಬೇಕು. ಅದು ಛಡಿಗಿಂತ ಹೆಚ್ಚು ಬಳಕೆಯ ವಸ್ತು. ಛಡಿಯ ನೆನಪು ಎಲ್ಲರಿಗೂ ಉಳಿದಿದೆ, ಚಾಕುವಿನ ನೆನಪು ಉಳಿದಿಲ್ಲ, ಅಷ್ಟೇ.

ಮೊಮ್ಮಗ ಈಗ ಹದಿನೇಳರ ಹುಡುಗ. ಪಿಯುಸಿ ಎರಡನೇ ವರ್ಷ. ದಿನವೂ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಾನೆ. ಅವನಿಗೊಂದು ಪಾರ್ಸೆಲ್ಲು ಬಂತು. ಮನೆಯವರು ಪುಸ್ತಕವೆಂದುಕೊಂಡರು. ಒಂದು ಸೋಮವಾರ ಬಟ್ಟೆ ಒಗೆಯಲು ಕುಳಿತ ತಾಯಿ ಅವನ ಪ್ಯಾಂಟಿನ ಕಿಸೆಗೆ ಕೈ ಹಾಕಿದಾಗ ಕರಿಯ, ತಣ್ಣನೆಯ, ಅಂಗೈಯಗಲದ ಲೋಹದ ತುಂಡು ಸಿಕ್ಕಿತು. ಅದರ ಮೈಗೆ ಒಂದು ಸಣ್ಣ ಗುಬಟು. ಇದೇನು ಎಂದು ಅದರ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ನೂಕಿದ್ದೇ ತಡ, ‘ಕಟಕ್’ ಎಂದು ಮೂರು ಇಂಚಿನ ಅಲಗು ಹೊರಗೆ ಚಿಮ್ಮಿ ನಿಂತಿತು. ಆಕೆ ಅದನ್ನು ಬುಟ್ಟಿಯಲ್ಲಿದ್ದ ಬಟ್ಟೆಯ ಮೇಲೆ ಬಿಸಾಡಿ ಎದ್ದು ನಿಂತಳು.

ಅದು ಪೇಟೆಯ ಮಾತಿನ ಬಟನ್ ಚಾಕು ಅಲ್ಲ. ಆದರೂ ಅದರ ದಾಯಾದಿ. ಬಟನ್ ಚಾಕುವಿನಲ್ಲಿ ಅಲಗು ಸದಾ ಸ್ಪ್ರಿಂಗಿನ ಒತ್ತಡದಲ್ಲಿ ಇರುತ್ತದೆ. ಹಿಡಿಕೆಯ ಗುಂಡಿ ಅದನ್ನು ತಡೆದಿರುತ್ತದೆ. ಗುಂಡಿ ಒತ್ತಿದರೆ ತಡೆ ತಪ್ಪಿ ಅಲಗು ತಾನೇ ಹಾರುತ್ತದೆ. ಈ ಹೊಸದರಲ್ಲಿ ಹಾಗಲ್ಲ. ಮಡಚಿದ ಅಲಗು ಮಡಚಿಯೇ ಇರಲು ನೋಡುತ್ತದೆ. ಅಲಗಿಗೇ ಕೂಡಿಸಿದ ಗುಬಟನ್ನು ಬೆರಳಿನಿಂದ ನೂಕಬೇಕು. ಸ್ವಲ್ಪ ದೂರ ಎದುರು ಒತ್ತುತ್ತದೆ. ಆ ಗಡಿ ದಾಟಿದ ಮೇಲೆ ಒಳಗಿನ ಸ್ಪ್ರಿಂಗು ಪಕ್ಷ ಬದಲಿಸಿ ಅಲಗನ್ನು ಹೊರಕ್ಕೆ ದಬ್ಬುತ್ತದೆ. ಅಂದರೆ ಕೆಲಸದ ಆರಂಭ ಕೈಯದು, ಉಳಿದದ್ದು ಸ್ಪ್ರಿಂಗಿನದು. ಪೂರ್ತಿ ಬಿಚ್ಚಿದ ಕೂಡಲೇ ಹಿಡಿಕೆಯೊಳಗಿನ ತೆಳು ಉಕ್ಕಿನ ಪಟ್ಟಿಯೊಂದು ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಅದನ್ನು ಪಕ್ಕಕ್ಕೆ ಸರಿಸದೆ ಚಾಕು ಮಡಚುವಂತಿಲ್ಲ. ಒಂದೇ ಕೈ ಸಾಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಈ ಕೂದಲೆಳೆಯ ವ್ಯತ್ಯಾಸದ ಮೇಲೆ ಅಮೆರಿಕದಲ್ಲಿ ಕಾನೂನೇ ನಿಂತಿದೆ. ಅಲ್ಲಿನ 1958ರ ಕಾಯ್ದೆ ಬಟನ್ ಚಾಕುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ನಿಷೇಧಿಸಿತು. ಮಡಚಿರಲು ಒಲವಿರುವ, ಅಲಗನ್ನೇ ಕೈಯಿಂದ ನೂಕಿ ಬಿಚ್ಚಬೇಕಾದ ಚಾಕುಗಳಿಗೆ ಆ ನಿಷೇಧ ತಗಲುವುದಿಲ್ಲವೆಂದು 2009ರಲ್ಲಿ ತಿದ್ದುಪಡಿ ಬಂತು. ಭಾರತದಲ್ಲಿ ಲೆಕ್ಕ ಬೇರೆ. ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಗೆಲಸಕ್ಕೆ, ಹೊಲದ ಕೆಲಸಕ್ಕೆ ಮಾಡಿದವು ಅದರಿಂದ ಹೊರಗೆ. ಆದರೆ ದಿಲ್ಲಿಯ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸ್ಪ್ರಿಂಗಿನ, ಗರಾರಿಯ, ಬಟನ್ನಿನ ಚಾಕುಗಳಷ್ಟೇ ಅಲ್ಲ, ಬೇರೆ ಯಾವುದೇ ಯಂತ್ರೋಪಾಯದಿಂದ ಬಿಚ್ಚಿ ಮುಚ್ಚುವ ಚಾಕು ಕೂಡ, ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ, ಅಲ್ಲಿ ನಿರ್ಬಂಧಕ್ಕೆ ಒಳಪಟ್ಟಿತು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ ಮೂರು ಇಂಚು. ಗರಗದಲ್ಲಿ ಪಾರ್ಸೆಲ್ಲಿನಲ್ಲಿ ಬಂದ ಚಾಕು ದಿಲ್ಲಿಯ ಬಸ್ಸಿನಲ್ಲಿ ಸಿಕ್ಕಿಬಿದ್ದರೆ ಅದರ ಕಥೆಯೇ ಬೇರೆ. ಇಲ್ಲಿಯೂ ಚುನಾವಣೆ, ಗಲಭೆ ಎಂದು ಪೊಲೀಸರು ನಿಷೇಧಾಜ್ಞೆ ಹೊರಡಿಸಿದ ದಿನಗಳಲ್ಲಿ ಚಾಕು, ದೊಣ್ಣೆ ಹಿಡಿದು ತಿರುಗುವುದು ಅಪರಾಧವಾಗುತ್ತದೆ. ಮೂರು ಇಂಚೋ ಒಂಬತ್ತು ಇಂಚೋ ಎಂದು ಆಗ ಯಾರೂ ಅಳತೆಪಟ್ಟಿ ತರುವುದಿಲ್ಲ.

ಗರಾರಿ ಚಾಕು ಎಂದ ಕೂಡಲೇ ಉತ್ತರ ಪ್ರದೇಶದ ರಾಮಪುರದ ಹೆಸರು ಬರಲೇಬೇಕು. ಬಿಚ್ಚುವಾಗ ‘ಕರ್ರ್’ ಎಂದು ಹಲ್ಲು ಕಡಿದಂತೆ ಸದ್ದು ಮಾಡುವ ಆ ಚಾಕುವನ್ನು ಹಿಂದಿ ಸಿನಿಮಾದ ಖಳನಾಯಕರು ಮನೆಮಾತು ಮಾಡಿದರು. ಕೊಯ್ಯುವುದಕ್ಕಿಂತ ಮೊದಲು ಕೇಳಿಸುವುದು ಅದರ ಕೆಲಸ. ಹುಬ್ಬಳ್ಳಿಯ ಟಾಕೀಜುಗಳಲ್ಲಿ ಆ ಸದ್ದಿಗೆ ಸಿಳ್ಳೆ ಹೊಡೆದವರೇ ಇಂದು ಮಕ್ಕಳ ಕಿಸೆ ತಡಕುವ ತಂದೆಯರು. ರಾಮಪುರದಲ್ಲಂತೂ 2023ರಲ್ಲಿ ವೃತ್ತವೊಂದರಲ್ಲಿ 20 ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ.

ತಾಯಿ ಗರಗದ ಖಾದಿ ಕೇಂದ್ರದಲ್ಲಿ ನೂಲುವವಳು. ಹಗಲೆಲ್ಲ ಎಳೆಯೊಂದು ಕಡಿಯದಂತೆ ಕಾಯುವುದು ಆಕೆಯ ಕೆಲಸ. ಆ ಸಂಜೆ ಆಕೆ ಚಾಕುವನ್ನು ಮಾವನ ಮುಂದೆ ಕಟ್ಟೆಯ ಮೇಲಿಟ್ಟಳು.

‘ಮಾವಾರ, ನೀವ ಕೇಳ್ರಿ. ನಿಮ್ಮನ್ನ ನೋಡೇ ಕಲ್ತಾನ.’

ಮಾತಿನಲ್ಲಿ ದೂರು ಇತ್ತು. ಅದರಲ್ಲಿ ಅರ್ಧದಷ್ಟು ನ್ಯಾಯವೂ ಇತ್ತು. ಅಜ್ಜನ ಕಿಸೆಯಲ್ಲಿ ಇರಬಹುದಾದದ್ದು ಮೊಮ್ಮಗನ ಕಿಸೆಯಲ್ಲಿ ಯಾಕಿರಬಾರದು? ಹುಡುಗನೂ ಅದನ್ನೇ ಕೇಳಿದ.

ಅಜ್ಜ ಚಾಕುವನ್ನು ಎತ್ತಿ ಹೊರಳಿಸಿ ನೋಡಿದ. ಅಲಗಿನ ಬಾಯಿ ಕಾರಖಾನೆಯಿಂದ ಬಂದಾಗಿನ ಹಾಗೇ ಇತ್ತು. ಒಂದು ಕಲೆ ಇಲ್ಲ, ಒಂದು ಹಣ್ಣಿನ ರಸದ ಗುರುತಿಲ್ಲ.

‘ಎಷ್ಟ ದಿನ ಆತು ತಮ್ಮಾ ಇದನ್ನ ತಗೊಂಡು?’

‘ಮೂರ ತಿಂಗಳಾತಜ್ಜಾ.’

‘ಇವತ್ತ ಏನೇನ ಕೊಯ್ದಿ?’

‘ಏನಿಲ್ಲ.’

‘ನಿನ್ನಿ?’

ಹುಡುಗ ಸುಮ್ಮನಾದ. ಮೂರು ತಿಂಗಳಲ್ಲಿ ಅದು ಕೊಯ್ದದ್ದು ಇನ್ನೊಂದು ಪಾರ್ಸೆಲ್ಲಿನ ಟೇಪು, ಹುಟ್ಟುಹಬ್ಬದ ಒಂದು ಕೇಕು. ಬಿಚ್ಚಿ ಮಡಚಿದ್ದು ಮಾತ್ರ ಸಾವಿರ ಸಲ ಇರಬೇಕು. ಓದಲು ಕುಳಿತಾಗ ಕೋಣೆಯಿಂದ ‘ಕಟಕ್, ಕಟಕ್’ ಕೇಳುತ್ತಿತ್ತಲ್ಲ, ಅದು ಬಾಲ್‌ಪೆನ್ನಿನದೆಂದು ತಾಯಿ ತಿಳಿದಿದ್ದಳು.

‘ಮತ್ಯಾಕ ದಿನಾ ಒಯ್ತಿ?’

‘ಸುಮ್ನ ಇರ್ಲಿ ಅಂತ.’

‘ಸುಮ್ನ ಇರ್ಲಿ’ ಎಂಬ ಎರಡು ಶಬ್ದಗಳ ಹಿಂದೆ ಏನೇನಿತ್ತು ಎಂಬುದು ಮರುದಿನ ತಂದೆ ಸಿಟ್ಟು ಮಾಡದೆ ಕುಳಿತು ಕೇಳಿದಾಗ ಒಂದೊಂದಾಗಿ ಹೊರಬಂತು. ಕಾಲೇಜಿನ ಬಸ್ ಸ್ಟಾಪಿನಲ್ಲಿ ಸೀಟಿನ ವಿಷಯಕ್ಕೆ ಶುರುವಾದ ಜಗಳ. ಎದುರಿನವರು ನಾಲ್ಕು ಮಂದಿ. ‘ನೋಡ್ಕೋತೀವಿ’ ಎಂಬ ಮಾತು. ಆ ನಾಲ್ವರಲ್ಲಿ ಒಬ್ಬನ ಹತ್ತಿರ ಚಾಕು ಇದೆಯೆಂದು ಯಾರೋ ಹೇಳಿದ್ದು. ಇವನು ಹೆದರಿದ್ದ. ಹೆದರಿದ್ದೇನೆಂದು ಮನೆಯಲ್ಲಿ ಹೇಳಲು ನಾಚಿಕೆ. ಚಾಕು ಕಿಸೆಗೆ ಬಂದ ಮೇಲೆ ಹೆದರಿಕೆ ಹೋಯಿತೇ ಎಂದು ತಂದೆ ಕೇಳಿದ. ಹೋಗಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ತಾಗಿದರೆ ಕಿಸೆ ಮುಟ್ಟಿ ನೋಡಿಕೊಳ್ಳುವ ಚಟ ಬಂದಿತ್ತು, ಅಷ್ಟೇ. ಇಬ್ಬರು ಗೆಳೆಯರಿಗೆ ಬಿಟ್ಟರೆ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಅಜ್ಜನ ಚಾಕುವಿಗೂ ಮೊಮ್ಮಗನದಕ್ಕೂ ಇರುವ ವ್ಯತ್ಯಾಸ ಸ್ಪ್ರಿಂಗಿನಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಇಲ್ಲಿತ್ತು. ಒಂದನ್ನು ಓಣಿಯೆಲ್ಲ ಬಲ್ಲುದು, ಇನ್ನೊಂದನ್ನು ಹಡೆದವ್ವ ಅರಿಯಳು. ಕರ್ನಾಟಕದಲ್ಲಿ ಅಲಗು ಕಟ್ಟಿಕೊಂಡು ತಿರುಗುವವರಿಗೆ ಕೊರತೆ ಇಲ್ಲ. ಉತ್ತರ ಕನ್ನಡದ ಅಡಿಕೆ ತೋಟದವರು ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿ ಅದಕ್ಕೆ ಕತ್ತಿ ಸಿಗಿಸುತ್ತಾರೆ. ಕೊಡವರ ಮದುಮಗ ಕುಪ್ಯದ ಮೇಲೆ ಸುತ್ತಿದ ಕೆಂಪು ಚೇಲೆಯಲ್ಲಿ ಬೆಳ್ಳಿಯ ಕೆತ್ತನೆಯ ಪೀಚೆಕತ್ತಿ ಸಿಕ್ಕಿಸಿಕೊಂಡೇ ಮಂಟಪಕ್ಕೆ ಬರುತ್ತಾನೆ. ಅವರ ಮದುವೆಯಲ್ಲಿ ಬಾಳೆಕಂಬಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುವ ಶಾಸ್ತ್ರವೂ ಉಂಟು. ಇವೆಲ್ಲ ಅಂಗೈಯಗಲದ ಚಾಕುವಿಗಿಂತ ಎಷ್ಟೋ ಪಾಲು ದೊಡ್ಡವು. ಆದರೂ ಎದುರಿಗೆ ಬಂದವರು ಬೆಚ್ಚುವುದಿಲ್ಲ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ ಮತ್ತು ಯಾತಕ್ಕೆಂದು ನೋಡಿದವರಿಗೆ ತಿಳಿಯುತ್ತದೆ.

ಹೆದರಿದ ಹುಡುಗನ ಕಿಸೆಯ ಚಾಕು ಯಾತಕ್ಕೆ? ತೋರಿಸಿ ಹೆದರಿಸುವುದಕ್ಕೆ ಎಂದು ಅವನ ಉತ್ತರ. ಆದರೆ ಕಣ್ಣು ಮಿಟುಕಿಸುವುದರಲ್ಲಿ ಬಿಚ್ಚುವ ಚಾಕು ತೋರಿಸುವಿಕೆಗೂ ಹಾಕುವಿಕೆಗೂ ನಡುವೆ ಜಾಗವನ್ನೇ ಬಿಡುವುದಿಲ್ಲ. ಎದುರಿನವನು ಓಡುತ್ತಾನೋ, ಮೈಮೇಲೆ ಬರುತ್ತಾನೋ, ಚಾಕು ಕಸಿಯುತ್ತಾನೋ, ಯಾವುದೂ ಮೊದಲೇ ಗೊತ್ತಿರುವುದಿಲ್ಲ. ಕಾನೂನಿನಲ್ಲಂತೂ ಕೈಗೂ ಚಾಕುವಿಗೂ ಬೇರೆ ಬೇರೆ ಮನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಬೇಕೆಂದೇ ಹೊಡೆದು ಗಾಯ ಮಾಡಿದರೆ 115ನೇ ಕಲಮು, ಒಂದು ವರ್ಷದವರೆಗೆ ಸಜೆ. ಅದೇ ಗಾಯವನ್ನು ಚುಚ್ಚುವ, ಕೊಯ್ಯುವ ಸಾಧನದಿಂದ ಮಾಡಿದರೆ 118ನೇ ಕಲಮು, ಮೂರು ವರ್ಷದವರೆಗೆ. ಗಾಯ ಭಾರಿಯಾದರೆ ಅದೇ ಕಲಮಿನಲ್ಲಿ ಜೀವಾವಧಿಯವರೆಗೂ ಹೋಗಬಹುದು. ‘ಹುಡುಗ ಸಣ್ಣವ’ ಎಂಬ ಆಸರೆಯೂ ಪೂರ್ತಿ ಗಟ್ಟಿಯಲ್ಲ. 2015ರ ಬಾಲನ್ಯಾಯ ಕಾಯ್ದೆ ಬಂದ ಮೇಲೆ 16 ದಾಟಿದವರು ಘೋರ ಅಪರಾಧದಲ್ಲಿ ಸಿಕ್ಕರೆ, ಮಂಡಳಿ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಕಳಿಸಲು ದಾರಿ ಇದೆ. ಬಸ್ಸಿನ ಸೀಟಿಗೆ ಶುರುವಾದ ಜಗಳ ಅಲ್ಲಿಯವರೆಗೆ ಹೋಗಲು ಬೇಕಾದದ್ದು ಒಂದು ಹೆಬ್ಬೆರಳು, ಒಂದು ಸ್ಪ್ರಿಂಗು.

ತಂದೆ ಮರುದಿನ ಹುಡುಗನ ಜೊತೆ ಅದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋದ. ನಾಲ್ವರ ಪೈಕಿ ಇಬ್ಬರು ಪಕ್ಕದ ಊರಿನವರೇ, ಒಬ್ಬ ದೂರದ ನೆಂಟ ಕೂಡ. ಪ್ರಿನ್ಸಿಪಾಲರ ಕೋಣೆಯಲ್ಲಿ ಅರ್ಧ ತಾಸು ಮಾತಾಯಿತು. ಚಾಕು ಇದೆಯೆಂದು ಸುದ್ದಿಯಾಗಿದ್ದ ಹುಡುಗನ ಹತ್ತಿರ ಚಾಕುವೇ ಇರಲಿಲ್ಲ! ಇವನ ಹತ್ತಿರ ಇದೆಯೆಂಬ ಸುದ್ದಿ ಮಾತ್ರ ಅವರಿಗೆ ಆಗಲೇ ಮುಟ್ಟಿತ್ತು. ಅವರೂ ಒಂದನ್ನು ತರಿಸುವ ವಿಚಾರದಲ್ಲಿದ್ದರು.

ಇಲ್ಲಿಗೆ ಆ ಹೊಸ ಚಾಕುವನ್ನು ಬಾವಿಗೆ ಎಸೆದಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತು. ಅದು ಟ್ರಂಕಿನ ತಳ ಸೇರಿತು, ಕೀಲಿ ಅಜ್ಜನ ಉಡದಾರಕ್ಕೆ. ಕೊಯ್ಯುವ ವಸ್ತುವನ್ನು ಎಸೆಯುವುದು ಅಜ್ಜನಿಂದ ಆಗದ ಕೆಲಸ. ಆಮೇಲೆ ನಡೆದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಒಂದು ಭಾನುವಾರ ಕೊಟ್ಟಿಗೆಯಲ್ಲಿ ಎಮ್ಮೆಯ ಕರು ಗೂಟದ ಸುತ್ತ ತಿರುಗಿ ತಿರುಗಿ ಹಗ್ಗವನ್ನು ಕೊರಳಿಗೆ ಬಿಗಿದುಕೊಂಡು ಬಿದ್ದಿತ್ತು. ನಾಲಿಗೆ ಹೊರಗೆ ಬಂದಿತ್ತು. ಅಜ್ಜ ಒಂದು ಕೈಯಿಂದ ಕರುವಿನ ತಲೆ ಎತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಚಾಕು ಬಂತು. ಬಿಚ್ಚುವುದು ಹೇಗೆ? ಅದಕ್ಕೆ ಎರಡು ಕೈ ಬೇಕು. ತಲೆ ಬಿಟ್ಟರೆ ಉರುಲು ಬಿಗಿಯುತ್ತದೆ. ಹಲ್ಲಿನಿಂದ ಕಚ್ಚಿ ಎಳೆಯೋಣವೆಂದರೆ ಆ ಸೌಲಭ್ಯ ಮೊದಲಿನ ಹಾಗಿಲ್ಲ. ಮೊಮ್ಮಗ ಓಡಿ ಬಂದು ಆ ಚಾಕುವನ್ನು ಕಸಿದು ಬಿಚ್ಚಿ ಹಗ್ಗ ಕೊಯ್ದ. ಕರು ಬದುಕಿತು. ಎರಡು ನಿಮಿಷ ತಡವಾಗಿದ್ದರೆ ಬದುಕುತ್ತಿರಲಿಲ್ಲ.

ಹುಡುಗ ಆ ರಾತ್ರಿ ಒಂದೇ ಮಾತು ಹೇಳಿದ: ‘ಅಜ್ಜಾ, ಟ್ರಂಕಿನ್ಯಾಗಿಂದು ಇದ್ದಿದ್ರ ನಿನಗ ಒಬ್ಬಂಗ ಆಗ್ತಿತ್ತು.’

ಮಾತು ಸುಳ್ಳಲ್ಲ. ಒಂದೇ ಕೈಯಿಂದ ಬಿಚ್ಚುವ ಚಾಕುವಿನ ನಿಜವಾದ ಗಿರಾಕಿ ಇನ್ನೊಂದು ಕೈ ಖಾಲಿ ಇಲ್ಲದವನು. ದೋಣಿಯಲ್ಲಿ ಬಲೆಯ ಹಗ್ಗ ಹಿಡಿದು ನಿಂತವನು, ಬಂಡೆಯ ಮೇಲೆ ಹಗ್ಗಕ್ಕೆ ಜೋತಾಡುವವನು, ಅಪಘಾತದ ಕಾರಿನಲ್ಲಿ ಗಾಯಾಳುವಿನ ತಲೆ ಹಿಡಿದು ಸೀಟ್ ಬೆಲ್ಟು ಕೊಯ್ಯಬೇಕಾದವನು. ಹಾಗೆಯೇ ಉಗುರಿಗೆ ಬಲ ಇಲ್ಲದವನು. ಅಜ್ಜನ ಹೆಬ್ಬೆರಳಿನ ಸಂದಿಗೆ ವಾಯು ಹಿಡಿದು ಎರಡು ವರ್ಷ. ಹಳೆಯ ಚಾಕುವಿನ ಆ ಗೀರಿಗೆ ಉಗುರು ಸಿಗಿಸಿ ಎಳೆಯುವಾಗ ಮುಖ ಕಿವುಚುವುದನ್ನು ಸೊಸೆ ನೋಡಿದ್ದಾಳೆ. ಕೇಳಿದರೆ ‘ಕಿಲುಬ ಹಿಡದೈತಿ’ ಎಂದು ಚಾಕುವಿನ ಮೇಲೆ ಹಾಕುತ್ತಿದ್ದ.

ಚಾಕು ಮಾಡುವವರಿಗೂ ಈ ಬಿಚ್ಚುವ ಮುಚ್ಚುವ ತೊಡಕು ಹೊಸದಲ್ಲ. ಮಡಚುವ ಚಾಕು ರೋಮನರ ಕಾಲದಲ್ಲೇ ಇತ್ತು. ಫ್ರಾನ್ಸಿನ ಸವೊಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ಕಟ್ಟಿಗೆಯ ಹಿಡಿಕೆಯ ಅಗ್ಗದ ರೈತರ ಚಾಕು ಮಾಡಿದ. ಕೊಯ್ಯುವಾಗ ಅಲಗು ಮಡಚಿ ಬೆರಳಿಗೆ ಬೀಳದಂತೆ ಅದಕ್ಕೊಂದು ತಿರುಗುವ ಬಳೆ ಬಂದದ್ದು 1955ರಲ್ಲಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಒದಗಿಸತೊಡಗಿದ. 1897ರಲ್ಲಿ ಅಧಿಕಾರಿಗಳಿಗೆಂದು ಹೆಚ್ಚು ಸಲಕರಣೆಗಳ ಹಗುರ ಚಾಕುವನ್ನು ನೋಂದಾಯಿಸಿದ. ಇಂದು ಲೋಕವೆಲ್ಲ ಬಲ್ಲ ಕೆಂಪು ಚಾಕು ಅದೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನದೊಳಗೆ ಚಾಕು ಒಯ್ಯುವುದು ನಿಂತು, ನಿಲ್ದಾಣದ ಅಂಗಡಿಗಳಲ್ಲಿ ಅದರ ಮಾರಾಟ ಕುಸಿಯಿತು. ಅದೇ ಕಂಪನಿ ಅಲಗೇ ಇಲ್ಲದ ಚಾಕುವಿನ ಯೋಚನೆ ನಡೆಸಿದೆ ಎಂದು 2024ರಲ್ಲಿ ಸುದ್ದಿಯಾಯಿತು. ಗರಗದ ಕಟ್ಟೆಯ ಮೇಲೆ ಈ ಸುದ್ದಿ ಓದಿ ಹೇಳಿದಾಗ ಬಹಳ ಹೊತ್ತು ನಗು ನಡೆಯಿತು. ಅಲಗಿಲ್ಲದ ಚಾಕು, ನೀರಿಲ್ಲದ ಕೆರೆ, ಹೂರಣವಿಲ್ಲದ ಹೋಳಿಗೆ ಎಂದು ಒಬ್ಬೊಬ್ಬರು ಒಂದೊಂದು ಸೇರಿಸಿದರು.

ಟ್ರಂಕಿನ ಕೀಲಿ ತೆರೆದದ್ದು ಕರುವಿನ ಘಟನೆಯಾದ ವಾರಕ್ಕೆ. ಸೊಸೆಗೆ ಇಷ್ಟವಿರಲಿಲ್ಲ.

‘ಇದನ್ನ ನಾ ಇಟ್ಕೋತೀನಿ ತಂಗಿ. ಜಗಳಕ್ಕ ಹೋಗೂ ವಯಸ್ಸ ನಂದಲ್ಲ,’ ಎಂದ ಅಜ್ಜ.

ಹಳೆಯ ಚಾಕು ಕೊಟ್ಟಿಗೆಯ ಗೂಟಕ್ಕೆ ಬಂತು. ಭಾನುವಾರ, ಸುಗ್ಗಿ, ರಜೆಯ ದಿನಗಳಲ್ಲಿ ಮೊಮ್ಮಗ ಅದನ್ನು ಬಳಸಬಹುದು. ಕೆಲಸ ಮುಗಿದ ಮೇಲೆ ಒರೆಸಿ ಮತ್ತೆ ಗೂಟಕ್ಕೆ. ಧಾರವಾಡದ ಬಸ್ಸಿಗೆ ಯಾವ ಚಾಕುವೂ ಇಲ್ಲ. ಹುಡುಗ ಇದಕ್ಕೆ ಮುಖ ಊದಿಸಿಕೊಂಡು ನಾಲ್ಕು ದಿನ ಇದ್ದ. ಐದನೇ ದಿನ ಅವನೇ ಕಟ್ಟೆಗೆ ಬಂದು ಕುಳಿತ. ಅಜ್ಜನಿಗೆ ಹೊಸ ಚಾಕು ಬಿಚ್ಚಲು ಬರುತ್ತಿತ್ತು, ಮಡಚಲು ಬರುತ್ತಿರಲಿಲ್ಲ.

ಒಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಬೇಕು, ಸರಿಸಿದ ಬೆರಳನ್ನು ಅಲಗು ಬರುವ ಮೊದಲೇ ದಾರಿಯಿಂದ ತೆಗೆಯಬೇಕು. ಎರಡು ಸಲ ತೆಗೆಯಲಿಲ್ಲ. ಎರಡೂ ಸಲ ಅರಿಷಿಣ ಹಚ್ಚಬೇಕಾಯಿತು. ಮೊಮ್ಮಗ ಒಂದು ಉಪಾಯ ಹುಡುಕಿದ: ಪಟ್ಟಿ ಸರಿಸಿ ಅಲಗನ್ನು ತುಸು ಸಡಿಲಿಸು, ಬೆರಳು ತೆಗೆ, ಆಮೇಲೆ ಅಲಗಿನ ಬೆನ್ನನ್ನು ತೊಡೆಗೆ ಒತ್ತಿ ಮಡಚು. ಇದು ಸಾಧಿಸಿತು.

ಇನ್ನೊಂದು ತೊಡಕು ಉಳಿದೇ ಇದೆ. ಚಾಕು ಇರುವುದು ಎಲೆ-ಅಡಿಕೆಯ ಚಂಚಿಯ ಪಕ್ಕದಲ್ಲಿ. ಸುಣ್ಣದ ಧೂಳು, ಅಡಿಕೆಯ ಚೂರು, ತಂಬಾಕಿನ ಪುಡಿ ಎಲ್ಲ ಸ್ಪ್ರಿಂಗಿನ ಸಂದಿಗೆ ಸೇರಿ ಎರಡು ವಾರಕ್ಕೊಮ್ಮೆ ಅದು ಅರ್ಧಕ್ಕೇ ನಿಲ್ಲುತ್ತದೆ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಮೊಮ್ಮಗ ಸಣ್ಣ ಸ್ಕ್ರೂ ಡ್ರೈವರಿನಿಂದ ಅದನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಕೂಡಿಸುತ್ತಾನೆ. ಅದನ್ನು ಬಿಚ್ಚಿ ಇಟ್ಟಾಗ ಒಳಗಿನ ಸ್ಪ್ರಿಂಗು ಎಷ್ಟು ಸಣ್ಣದೆಂದು ಅಜ್ಜನಿಗೆ ಪ್ರತಿ ಸಲವೂ ಬೆರಗು. ಒಮ್ಮೆ ಅದು ಚಿಮ್ಮಿ ಕೆಳಗೆ ಬಿದ್ದು, ಅಜ್ಜ, ಮೊಮ್ಮಗ, ನೂಲಿನ ಲಡಿ ಬದಿಗಿಟ್ಟು ಬಂದ ತಾಯಿ, ಮೂವರೂ ಲಾಟೀನು ಹಿಡಿದು ಕಟ್ಟೆಯ ಬುಡದಲ್ಲಿ ರಾತ್ರಿ ಒಂಬತ್ತರವರೆಗೆ ಹುಡುಕಿದರು. ಸಿಕ್ಕದ್ದು ತಾಯಿಗೆ.